ಅಂಬಾಸಿಡರ್ ಮಾರ್ಕ್ 4: ಎಣ್ಣೆ ಸೋರಿಕೆ ನಿಲ್ಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕಾ?

ಶಹಾಬಾದಿ_ಅಂಗಳ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 1984ರ ಅಂಬಾಸಿಡರ್ ಮಾರ್ಕ್ 4 ಇದೆ. ಪೆಟ್ರೋಲ್ ಗಾಡಿ, 1489 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್. ಅಪ್ಪ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದಾಗ ತಗೊಂಡದ್ದು. ಅವರು ತೀರಿಕೊಂಡ ಮೇಲೆ ಬಹಳ ದಿನ ಶೆಡ್ಡಿನಲ್ಲೇ ನಿಂತಿತ್ತು. ಹೋದ ಚಳಿಗಾಲದಲ್ಲಿ ಹೊಸ ಬ್ಯಾಟರಿ ಹಾಕಿಸಿ, ಪೆಟ್ರೋಲ್ ಟ್ಯಾಂಕ್ ತೊಳೆಸಿ, ಬ್ರೇಕ್ ಸಿಲಿಂಡರ್‌ಗಳನ್ನು ಬದಲಾಯಿಸಿ ಮತ್ತೆ ರಸ್ತೆಗೆ ತಂದೆ. ಇಂಜಿನ್ ಈಗ ಒಂದೇ ಸೆಲ್ಫ್‌ಗೆ ಶುರುವಾಗುತ್ತದೆ. ಗೇರ್ ಎಲ್ಲವೂ ಬೀಳುತ್ತವೆ, ಹಾರುವುದಿಲ್ಲ.

ತೊಂದರೆ ಇರುವುದು ಎಣ್ಣೆಯದು. ನಮ್ಮ ಅಂಗಳಕ್ಕೆ ಶಹಾಬಾದಿ ಕಲ್ಲು ಹಾಸಿದೆ. ರಾತ್ರಿ ಗಾಡಿ ನಿಲ್ಲಿಸಿದರೆ ಬೆಳಿಗ್ಗೆ ಕಲ್ಲಿನ ಮೇಲೆ ಎರಡು ಕಡೆ ಕಲೆ ಬಿದ್ದಿರುತ್ತದೆ. ಒಂದು ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದ ಕೆಳಗೆ, ಅಂಗೈ ಅಗಲ. ಇನ್ನೊಂದು ಅದರ ಹಿಂದೆ, ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗೇರ್‌ಬಾಕ್ಸ್ ಒಳಗೆ ಹೋಗುವಲ್ಲಿ. ಅದು ಸಣ್ಣದು, ಆದರೆ ಜೇವರ್ಗಿ ತನಕ ಹೋಗಿ ಬಂದ ದಿನ ಅದೂ ದೊಡ್ಡದಾಗುತ್ತದೆ. ಗಾಡಿಯ ಹೊಟ್ಟೆಯ ಕೆಳಗೆ ಹಿಂದಿನ ತನಕ ಎಣ್ಣೆ, ಅದರ ಮೇಲೆ ಕರಿಮಣ್ಣಿನ ಧೂಳು ಕೂತು ದಪ್ಪ ಪದರ ಆಗಿದೆ. ಎಲ್ಲಿಂದ ಬರುತ್ತಿದೆ ಅಂತ ನೋಡಿದರೆ ಗೊತ್ತೇ ಆಗುವುದಿಲ್ಲ.

ಊರಲ್ಲಿ ಬೇರೆ ಬೇರೆ ಕಡೆ ತೋರಿಸಿದೆ. ಒಬ್ಬರು ಗೇರ್‌ಬಾಕ್ಸ್ ಇಳಿಸಿ ಎಲ್ಲ ಸೀಲ್ ಬದಲಿಸಬೇಕು, ಜೊತೆಗೆ ಕ್ಲಚ್ ಪ್ಲೇಟೂ ಹಾಕಬೇಕು ಅಂದರು. ಹದಿನೆಂಟು ಸಾವಿರ ಹೇಳಿದರು. ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. ಇನ್ನೊಬ್ಬರು 140 ನಂಬರ್ ದಪ್ಪ ಎಣ್ಣೆ ಹಾಕಿ, ತಾನೇ ನಿಲ್ಲುತ್ತದೆ ಅಂದರು. ಮತ್ತೊಬ್ಬರು ಅಂಬಾಸಿಡರ್ ಅಂದ್ರೆ ಸೋರೋದೇ, ಕೆಳಗೆ ಒಂದು ತಗಡು ಇಡಿ ಅಂದರು. ಈ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ. ಅಪ್ಪ ಓಡಿಸುವಾಗ ಈ ಅಂಗಳದಲ್ಲಿ ಒಂದು ಹನಿ ಬಿದ್ದದ್ದನ್ನು ನಾನು ಕಂಡಿಲ್ಲ.

ಅವ್ವನಿಗೆ ಇದೇ ಗಾಡಿಯಲ್ಲಿ ಗಾಣಗಾಪುರಕ್ಕೆ ಹೋಗಬೇಕು ಅಂತ ಆಸೆ ಇದೆ. ಅಷ್ಟರಲ್ಲಿ ಸರಿ ಮಾಡಿಸಬೇಕು. ಗೇರ್‌ಬಾಕ್ಸ್ ಇಳಿಸಲೇಬೇಕಾ? ಅಥವಾ ಮನೆಯಲ್ಲೇ ಮಾಡಬಹುದಾದ ಕೆಲಸವೂ ಇದರಲ್ಲಿ ಇದೆಯಾ? ಪಾನಾ ಸೆಟ್, ಜಾಕ್, ಎರಡು ಸ್ಟ್ಯಾಂಡ್ ನನ್ನ ಹತ್ತಿರ ಇವೆ. ಕೈ ಕೊಳೆ ಮಾಡಿಕೊಳ್ಳಲು ಬೇಸರ ಇಲ್ಲ.

ಬೀದರ್_ಜೀಪ್:

ಮೊದಲು ಒಂದು ಪ್ರಶ್ನೆ. ಗೇರ್‌ಬಾಕ್ಸ್‌ನಲ್ಲಿ ಎಣ್ಣೆ ಎಷ್ಟಿದೆ ಅಂತ ನೋಡಿದ್ದೀರಾ? ಸೋರುತ್ತಿದೆ ಅಂತ ಹೆದರಿ ಜನ ಮೇಲಿಂದ ಮೇಲೆ ಸುರಿಯುತ್ತಾರೆ. ಲೆವೆಲ್ ಮೀರಿದರೆ ಒಳ್ಳೆ ಸೀಲ್ ಕೂಡ ಸೋರುತ್ತದೆ.

ನನ್ನ ಹತ್ತಿರ ಮಹೀಂದ್ರ ಜೀಪ್ ಇದೆ, ಹಳೆ ಟಿ-90 ಗೇರ್‌ಬಾಕ್ಸ್‌ದು. ಅದರಲ್ಲಿ ಗೇರ್‌ಬಾಕ್ಸ್ ಹಿಂದೆಯೇ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಬಲ ಹಂಚುವ ಪೆಟ್ಟಿಗೆ) ಕೂತಿರುತ್ತದೆ. ನಡುವಿನ ಬೇರಿಂಗ್ ದಾಟಿ ಎಣ್ಣೆ ಈಚೆಯಿಂದ ಆಚೆಗೆ ಹೋಗುತ್ತದೆ. ಗೇರ್‌ಬಾಕ್ಸ್ ಒಣಗಿರುತ್ತದೆ, ಆ ಕಡೆ ಲೆವೆಲ್ ಮೀರಿ ಸೋರುತ್ತಿರುತ್ತದೆ. ಕೆಳಗೆ ಬಿದ್ದ ಎಣ್ಣೆ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ನಿಮ್ಮ ಗಾಡಿಗೆ ಆ ಪೆಟ್ಟಿಗೆ ಇಲ್ಲ, ಆದರೆ ಲೆವೆಲ್ ನೋಡುವ ಕೆಲಸ ಎಲ್ಲ ಗಾಡಿಗೂ ಒಂದೇ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಇಳಿಯಲು ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಕಲ್ಲಿನ ವಿಷಯ. ಶಹಾಬಾದಿ ಕಲ್ಲು ಅಂದರೆ ಸುಣ್ಣದಕಲ್ಲು. ಕಲೆ ತೆಗೆಯಲು ಬಾತ್‌ರೂಮ್ ಆಸಿಡ್ ಮಾತ್ರ ಹಾಕಬೇಡಿ, ಕಲ್ಲಿನ ಮೈಯೇ ತಿಂದುಹೋಗುತ್ತದೆ. ಚಾಕ್‌ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಒಣಗಲು ಬಿಟ್ಟರೆ ಪುಡಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬೀಡಿ ಸಿಗರೇಟು ಹತ್ತಿರ ಬರಬಾರದು. ಆದರೆ ಇದೆಲ್ಲ ಸೋರಿಕೆ ನಿಂತ ಮೇಲೆ.

ಸ್ಟೇಷನ್_ಲೈನ್_ಉಸ್ತಾದ್ (ಯಾದಗಿರಿ):

ತಮ್ಮಾ, ಗೇರ್‌ಬಾಕ್ಸ್‌ಗೆ ಈಗಲೇ ಕೈ ಹಚ್ಚಬೇಡಿ. ಯಾದಗಿರಿ ಸ್ಟೇಷನ್ ಮುಂದೆ ಟ್ಯಾಕ್ಸಿಗಳೆಲ್ಲ ಅಂಬಾಸಿಡರ್ ಆಗಿದ್ದ ಕಾಲದಿಂದ ನಾನು ಈ ಗಾಡಿಗಳ ಕೆಳಗೆ ಮಲಗಿದವನು. "ಗೇರ್‌ಬಾಕ್ಸ್ ಸೋರುತ್ತಿದೆ" ಅಂತ ಬಂದ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಗೇರ್‌ಬಾಕ್ಸ್ ಒಣಗಿ ಚೆನ್ನಾಗಿರುತ್ತಿತ್ತು. ಸೋರುತ್ತಿದ್ದದ್ದು ಇಂಜಿನ್. ಎಣ್ಣೆ ಬೀಳುವ ಜಾಗ ಬೇರೆ, ಹೊರಡುವ ಜಾಗ ಬೇರೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭಾರಕ್ಕೆ ಅದು ಕೆಳಗೆ ಇಳಿಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಮೇಲೆ ಎಲ್ಲಿ ಹಸಿ ಇದೆಯೋ ಅದೇ ಕಳ್ಳ.

ಮೊದಲು ತೊಳೆಯಿರಿ. ಈ ಕೆಲಸ ಬೇಸರದ್ದು, ಆದರೆ ಇದನ್ನು ಬಿಟ್ಟರೆ ಮುಂದಿನದು ಯಾವುದೂ ಉಪಯೋಗ ಇಲ್ಲ. ಡೀಸೆಲ್ ಅಥವಾ ಚಿಮಣಿ ಎಣ್ಣೆ, ಒಂದು ಹಳೆ ಬ್ರಷ್, ತಗಡಿನ ಚೂರು. ಇಂಜಿನ್ ಎಡಬಲ, ಸಂಪ್ (ಇಂಜಿನ್ ತಳದ ಎಣ್ಣೆ ತಟ್ಟೆ) ಅಂಚು, ಬೆಲ್ ಹೌಸಿಂಗ್ (ಕ್ಲಚ್ ಇರುವ ಗೂಡು), ಗೇರ್‌ಬಾಕ್ಸ್, ಅದರ ಹಿಂದಿನ ಬಾಲ, ಎಲ್ಲ ಕೆರೆದು ಲೋಹ ಕಾಣಬೇಕು. ಬಟ್ಟೆಯಿಂದ ಒರೆಸಿ ಬಿಸಿಲಿಗೆ ಒಣಗಿಸಿ. ಆಮೇಲೆ ಮುಖಕ್ಕೆ ಹಾಕುವ ಪೌಡರ್ ಡಬ್ಬಿ ತಗೊಂಡು ಎಲ್ಲ ಕಡೆ ಉದುರಿಸಿ, ಬಿಳಿ ಆಗಬೇಕು. ಸೇಡಂ ರಸ್ತೆ ಹಿಡಿದು ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ತಕ್ಷಣ ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಎಣ್ಣೆಯ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಎರಡನೆಯದು, ಯಾವ ಎಣ್ಣೆ ಅಂತ ತಿಳಿಯಿರಿ. ಬಿಳಿ ಕಾಗದದ ಮೇಲೆ ಮುಂದಿನ ಹನಿ ಒಂದು, ಹಿಂದಿನ ಹನಿ ಒಂದು, ಪಕ್ಕದಲ್ಲಿ ಇಂಜಿನ್ ಡಿಪ್‌ಸ್ಟಿಕ್‌ದು ಒಂದು ಹಚ್ಚಿ. ಓಡಿದ ಇಂಜಿನ್ ಎಣ್ಣೆ ಕಪ್ಪಗೆ ತೆಳ್ಳಗೆ ಹರಡುತ್ತದೆ. ಗೇರ್ ಎಣ್ಣೆ ಅಂಟು ಜಾಸ್ತಿ, ಮೂಗಿಗೆ ಹಿಡಿದರೆ ಗಂಧಕದ ಘಾಟು.

ಈಗ ಮುಂದಿನ ಕಲೆಯ ಬಗ್ಗೆ. ನಿಮ್ಮ 1489 ಸಿಸಿ ಇಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್, ಐವತ್ತರ ದಶಕದ ವಿನ್ಯಾಸ. ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಮೂರೇ ಮೇನ್ ಬೇರಿಂಗ್. ಅದರ ಹಿಂದಿನ ತುದಿಗೆ ರಬ್ಬರ್ ಸೀಲೇ ಇಲ್ಲ! ಇದು ಬಹಳ ಮಿಸ್ತ್ರಿಗಳಿಗೇ ಗೊತ್ತಿಲ್ಲ. ಅಲ್ಲಿ ಕ್ರ್ಯಾಂಕ್ ಮೇಲೆ ಚೂಡಿ ಕೊರೆದಿರುತ್ತಾರೆ. ಶಾವಿಗೆ ಒತ್ತುವ ಮಷಿನ್ನಿನ ಸ್ಕ್ರೂ ಹಿಟ್ಟನ್ನು ತಳ್ಳುವಂತೆ, ಈ ಚೂಡಿ ತಿರುಗುತ್ತಾ ಎಣ್ಣೆಯನ್ನು ವಾಪಸ್ ಸಂಪ್ ಕಡೆ ತಳ್ಳುತ್ತದೆ. ಇಂಜಿನ್ ನಿಂತರೆ ತಳ್ಳುವುದೂ ನಿಲ್ಲುತ್ತದೆ. ಹಾಗಾಗಿ ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಸ್ವಲ್ಪ ಹನಿ ಬೀಳುವುದು ಸಹಜ. ಇದೇ ಮನೆತನದ 1798 ಸಿಸಿ ಇಂಜಿನ್ನಿಗೆ 1964ರಲ್ಲಿ ಐದು ಬೇರಿಂಗ್ ಕೊಟ್ಟಾಗ ಅಲ್ಲಿ ರಬ್ಬರ್ ಸೀಲ್ ಬಂತು. ನಮ್ಮ 1489ಕ್ಕೆ ಆ ಭಾಗ್ಯ ಬರಲಿಲ್ಲ. ಎಲ್ಲ ಸೀಲ್ ಬದಲಿಸುತ್ತೇನೆ ಅಂದ ನಿಮ್ಮ ಮಿಸ್ತ್ರಿಗೆ ಕೇಳಿ, ಅಲ್ಲಿ ಯಾವ ಸೀಲ್ ಹಾಕುತ್ತೀರಿ ಅಂತ.

ಹಾಗಂತ ಅಂಗೈ ಅಗಲದ ಕಲೆ ಸಹಜ ಅಲ್ಲ. ಅಷ್ಟು ಬೀಳುತ್ತಿದ್ದರೆ ಇಂಜಿನ್ ಹೊಟ್ಟೆಯಲ್ಲಿ ಗಾಳಿ ಒತ್ತಡ ಜಾಸ್ತಿ ಆಗಿದೆ ಅಂತ ನನ್ನ ಅನುಮಾನ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ಬಂದೇ ಬರುತ್ತದೆ, ಅದು ಬ್ರೀದರ್‌ನಿಂದ ಹೊರಗೆ ಹೋಗಬೇಕು. ದಾರಿ ಮುಚ್ಚಿದ್ದರೆ ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಎಣ್ಣೆಯನ್ನೂ ಎಳೆದುಕೊಂಡು ಹೊರಡುತ್ತದೆ. ಇಂಜಿನ್ ಪಕ್ಕದ ಟ್ಯಾಪೆಟ್ ಕವರ್‌ನಿಂದ ಕೆಳಗೆ ಇಳಿಯುವ ಬ್ರೀದರ್ ಪೈಪ್ ಬಿಚ್ಚಿ ಊದಿ ನೋಡಿ. ಇಂಜಿನ್ ತಲೆ ಮೇಲಿನ ರಾಕರ್ ಕವರ್‌ನಿಂದ ಏರ್ ಕ್ಲೀನರ್‌ಗೆ ಹೋಗುವ ಹೋಸನ್ನೂ ನೋಡಿ. ಬಹಳ ದಿನ ನಿಂತ ಗಾಡಿ ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಟ್ಯಾಪೆಟ್ ಸೈಡ್ ಕವರ್ ಇನ್ನೊಂದು ಕಳ್ಳ. ಅದರ ಬಿರಡೆ ಗ್ಯಾಸ್ಕೆಟ್ ಒಣಗಿ ಬಿರುಕು ಬಿಡುತ್ತದೆ. ಎಣ್ಣೆ ಇಂಜಿನ್ ಪಕ್ಕದಲ್ಲಿ ಇಳಿದು, ಸಂಪ್ ಅಂಚು ಹಿಡಿದು ಹಿಂದಕ್ಕೆ ಓಡಿ, ಸರಿಯಾಗಿ ಬೆಲ್ ಹೌಸಿಂಗ್ ಕೆಳಗೇ ತೊಟ್ಟಿಕ್ಕುತ್ತದೆ. ನೋಡಿದವರು ಗೇರ್‌ಬಾಕ್ಸ್ ಅಂತಾರೆ.

ಬೆಲ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಒಳಗೆ ಎಣ್ಣೆ ನಿಲ್ಲದೆ ಹೊರಗೆ ಬರಲಿ ಅಂತ ಅದನ್ನು ಕೊಟ್ಟಿದ್ದಾರೆ. ಸೋರುತ್ತಿದೆ ಅಂತ ಅದನ್ನು ಎಂ-ಸೀಲ್ ಹಚ್ಚಿ ಮುಚ್ಚಿದವರನ್ನು ಕಂಡಿದ್ದೇನೆ. ಎಣ್ಣೆ ಒಳಗೇ ತುಂಬಿ ಕ್ಲಚ್ ನೆನೆಯುತ್ತದೆ. ದಯವಿಟ್ಟು ಮುಚ್ಚಬೇಡಿ.

ಆ ತೂತಿನಿಂದ ಬರುವುದು ಗೇರ್ ಎಣ್ಣೆ ಅಂತ ಖಾತ್ರಿ ಆದರೆ ಮಾತ್ರ, ಗೇರ್‌ಬಾಕ್ಸ್ ಮುಂದಿನ ಕವರ್‌ದು ತಕರಾರು. ಆಗ ಇಳಿಸಲೇಬೇಕು. ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗುತ್ತದಾ, ಏರಿನಲ್ಲಿ ಇಂಜಿನ್ ಕೂಗಿ ಗಾಡಿ ಹಿಂದೆ ಬೀಳುತ್ತದಾ ಅಂತ ನೋಡಿ. ಹಾಗಿದ್ದರೆ ಪ್ಲೇಟ್ ನೆಂದಿದೆ, ಅದಕ್ಕೂ ಇಳಿಸಲೇಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಕಾರ್ಬನ್ ಬೇರಿಂಗ್, ಮುಂದಿನ ಕವರ್ ಗ್ಯಾಸ್ಕೆಟ್ ಎಲ್ಲ ಒಟ್ಟಿಗೇ ಹಾಕಿಬಿಡಿ. ಈ ಎರಡೂ ಇಲ್ಲದಿದ್ದರೆ ಹದಿನೆಂಟು ಸಾವಿರ ಜೇಬಲ್ಲೇ ಇರಲಿ.

ಗಾಡಿಯ ಕೆಳಗೆ ಹೋಗುವ ಮೊದಲು ಒಂದು ಮಾತು. ಬರೀ ಜಾಕ್ ನಂಬಿ ಹೋಗಬೇಡಿ, ಸ್ಟ್ಯಾಂಡ್ ಇಡಿ. ಶಹಾಬಾದಿ ಕಲ್ಲು ಕೆಳಗೆ ಪೊಳ್ಳಿದ್ದರೆ ಗಾಡಿ ಭಾರಕ್ಕೆ ಒಡೆಯುತ್ತದೆ. ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ. ಕರಿಮಣ್ಣಿನ ಮೇಲಂತೂ ಬೇಡವೇ ಬೇಡ.

ಆಳಂದ_ಪದ್ಮಿನಿ:

ಉಸ್ತಾದರು ಹೇಳಿದ್ದೆಲ್ಲ ಸರಿ, ಆದರೆ 140 ಎಣ್ಣೆಯ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ಹಾಕಿದರೆ ಏನು ತಪ್ಪು? ನಮ್ಮ ಕಡೆ ಟ್ರ್ಯಾಕ್ಟರ್, ಹಳೆ ಲಾರಿ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ. 90 ನಂಬರ್ ಎಣ್ಣೆ ನೀರಾಗಿ ಬಿಡುತ್ತದೆ. ನಮ್ಮ ಪದ್ಮಿನಿ ಕಾರಿಗೆ 140 ಹಾಕಿದ ಮೇಲೆ ಹನಿ ಕಡಿಮೆ ಆಗಿದೆ. ಬಡವರ ಉಪಾಯ ಅಂತಲೇ ಅನ್ನಿ, ಕೆಲಸ ಮಾಡುತ್ತದೆ ಅಲ್ವಾ?

ಸ್ಟೇಷನ್_ಲೈನ್_ಉಸ್ತಾದ್ (ಯಾದಗಿರಿ):

ಹನಿ ಕಡಿಮೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಲೆ ಗೇರ್‌ಬಾಕ್ಸ್ ಕೊಡುತ್ತದೆ. ಗೇರ್ ಬದಲಿಸುವಾಗ ಗೇರ್‌ಗಳ ವೇಗ ಹೊಂದಿಸುವ ಹಿತ್ತಾಳೆ ಬಳಗದ ಸಿಂಕ್ರೋ ರಿಂಗ್ ಕೋನ್ ಮೇಲೆ ಹಿಡಿಯಬೇಕು. ನಡುವಿನ ಎಣ್ಣೆ ಪಕ್ಕಕ್ಕೆ ಸರಿದರೆ ತಾನೇ ಹಿಡಿಯುವುದು? ಎಣ್ಣೆ ದಪ್ಪ ಇದ್ದರೆ ಸರಿಯುವುದು ತಡ ಆಗುತ್ತದೆ, ಗೇರ್ ಕರ್ ಅನ್ನುತ್ತದೆ, ರಿಂಗ್ ಸವೆಯುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ನಿಮ್ಮ ಪದ್ಮಿನಿಯ ಎರಡನೇ ಗೇರ್ ಹೇಗೆ ಬೀಳುತ್ತದೆ ಗಮನಿಸಿ. ಹಿಂದಿನ ಬಾಲದಲ್ಲಿ ಶಾಫ್ಟ್ ಹಿಡಿಯುವ ಬುಷ್‌ಗೂ ಅಂಥ ಎಣ್ಣೆ ಬೇಗ ಮುಟ್ಟುವುದಿಲ್ಲ.

90 ಅಂದರೆ 40ಕ್ಕಿಂತ ಎರಡು ಪಟ್ಟು ದಪ್ಪ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಗೇರ್ ಎಣ್ಣೆಯ ನಂಬರ್ ಅಳತೆ ಬೇರೆ, ಇಂಜಿನ್ ಎಣ್ಣೆಯದು ಬೇರೆ. 90ರ ಗೇರ್ ಎಣ್ಣೆ ಬಿಸಿಯಾದಾಗ ಹೆಚ್ಚು ಕಡಿಮೆ 40, 50ರ ಇಂಜಿನ್ ಎಣ್ಣೆಯಷ್ಟೇ ದಪ್ಪ. ಇದೇ ಬಿಎಂಸಿಯ ಎಂಜಿಬಿ ಕಾರಿನ ಗೇರ್‌ಬಾಕ್ಸ್‌ಗೆ ಇಂಜಿನ್ ಎಣ್ಣೆಯನ್ನೇ ಹಾಕುತ್ತಾರೆ. ಅಂದರೆ ಆ ಕಾಲದ ಗೇರ್‌ಬಾಕ್ಸ್ ದಪ್ಪ ಎಣ್ಣೆಯ ಮೇಲೆ ನಿಂತಿಲ್ಲ. 140 ಅದಕ್ಕಿಂತ ಬಹಳ ಮುಂದಿನದು, ಟ್ರ್ಯಾಕ್ಟರ್ ಹಲ್ಲುಗಳಿಗೆ ಸರಿ.

ಡಬ್ಬಿ ಮೇಲೆ ಜಿಎಲ್-4, ಜಿಎಲ್-5 ಅಂತ ಬರೆದಿರುತ್ತದೆ, ಅದನ್ನೂ ಓದಿ. ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ಮದ್ದು ಜಾಸ್ತಿ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ಗೆ ಅದು ಬೇಕು. ಸಿಂಕ್ರೋ ಇರುವ ಹಳೆ ಗೇರ್‌ಬಾಕ್ಸ್‌ಗೆ ಜಿಎಲ್-4 ಒಳ್ಳೆಯದು, ಹಿತ್ತಾಳೆ ಉಳಿಯುತ್ತದೆ. ಅಂಗಡಿಯವರು ಎರಡೂ ಒಂದೇ ಅನ್ನುತ್ತಾರೆ, ನೀವು ಒಪ್ಪಬೇಡಿ. ಗಾಡಿಯ ಪುಸ್ತಕ ಇದ್ದರೆ ಅದರಲ್ಲಿ ಬರೆದದ್ದೇ ಕೊನೆ ಮಾತು.

ಶಹಾಬಾದಿ_ಅಂಗಳ (ಕಲಬುರಗಿ):

ಉಸ್ತಾದ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಭಾನುವಾರ ಪೂರ್ತಿ ತೊಳೆದೆ. ಅಷ್ಟು ಮಣ್ಣು ಇತ್ತು ಅಂದರೆ ಗೇರ್‌ಬಾಕ್ಸ್ ಪಕ್ಕದ ನಟ್‌ಗಳೇ ಕಾಣುತ್ತಿರಲಿಲ್ಲ. ಆಮೇಲೆ ಪೌಡರ್ ಹಾಕಿ ಮಳಖೇಡದ ಕಡೆ ಓಡಿಸಿ ಬಂದೆ.

ಬಂದು ನೋಡಿದರೆ ಗೇರ್‌ಬಾಕ್ಸ್ ಎಡಬಲ ಬೆಳ್ಳಗೆ ಹಾಗೇ ಇದೆ! ಟ್ಯಾಪೆಟ್ ಸೈಡ್ ಕವರ್‌ನ ಹಿಂದಿನ ಮೂಲೆಯಿಂದ ಒಂದು ಕಪ್ಪು ಗೆರೆ ಇಳಿದು, ಸಂಪ್ ಅಂಚಿನ ಮೇಲೆ ಓಡಿ, ಬೆಲ್ ಹೌಸಿಂಗ್ ಹತ್ತಿರ ಹನಿ ಕಟ್ಟಿತ್ತು. ಸ್ಪ್ಲಿಟ್ ಪಿನ್ ತುದಿಯಲ್ಲೂ ಒಂದು ಹನಿ ಇತ್ತು. ಎರಡನ್ನೂ ಕಾಗದಕ್ಕೆ ಹಚ್ಚಿದೆ, ಎರಡೂ ಡಿಪ್‌ಸ್ಟಿಕ್ ಎಣ್ಣೆಯ ಹಾಗೆಯೇ ಕಪ್ಪು. ಗಂಧಕದ ವಾಸನೆ ಇಲ್ಲ.

ಬ್ರೀದರ್ ಪೈಪ್ ಬಿಚ್ಚಿದೆ. ಊದಿದರೆ ಗಾಳಿಯೇ ಹೋಗಲಿಲ್ಲ. ತಂತಿ ಹಾಕಿ ಚುಚ್ಚಿದಾಗ ಮಣ್ಣಿನ ಉಂಡೆ ಬಿತ್ತು. ಗೋಡೆಗೆ ಮಣ್ಣಿನ ಗೂಡು ಕಟ್ಟುವ ಹುಳ ಇದೆಯಲ್ಲ, ಅದು ಪೈಪ್ ಒಳಗೆ ಕೆಳಗಿನ ಬಾಯಿಯಿಂದ ಹೆಬ್ಬೆರಳು ಉದ್ದ ಗೂಡು ಕಟ್ಟಿತ್ತು. ಒಡೆದರೆ ಒಳಗೆ ಸಾಲಾಗಿ ಸಣ್ಣ ಕೋಣೆಗಳು, ಒಂದೊಂದರಲ್ಲಿ ಒಣಗಿದ ಜೇಡದ ಸಿಪ್ಪೆ. ಎಣ್ಣೆ ಹೊಗೆ ತಾಗಿ ಮೇಲಿನ ಭಾಗ ಇಟ್ಟಿಗೆಯಷ್ಟು ಗಟ್ಟಿ ಆಗಿತ್ತು. ಗಾಡಿ ಶೆಡ್ಡಿನಲ್ಲಿ ನಿಂತಿದ್ದಾಗ ಕಟ್ಟಿದ್ದಿರಬೇಕು. ಅಪ್ಪನ ಕಾಲದಲ್ಲಿ ಯಾಕೆ ಸೋರುತ್ತಿರಲಿಲ್ಲ ಅಂತ ಈಗ ಅರ್ಥ ಆಯಿತು.

ಪೈಪ್ ಪೂರ್ತಿ ಸ್ವಚ್ಛ ಮಾಡಿ ಹಾಕಿದೆ. ಸೈಡ್ ಕವರ್ ಗ್ಯಾಸ್ಕೆಟ್ ಮುಟ್ಟಿದರೆ ಪುಡಿ ಪುಡಿ. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಬಿರಡೆ ಶೀಟ್ ಸಿಕ್ಕಿತು, ಹಳೆ ಕವರನ್ನೇ ಅಳತೆ ಇಟ್ಟು ಕತ್ತರಿಸಿಕೊಂಡೆ. ಈಗ ಮುಂದಿನ ಕಲೆ ಅಂಗೈಯಿಂದ ಕಡಲೆಬೇಳೆ ಗಾತ್ರಕ್ಕೆ ಇಳಿದಿದೆ. ಕ್ಲಚ್ ನಡುಗುವುದಿಲ್ಲ, ಜಾರುವುದಿಲ್ಲ. ಆಳಂದ ರಸ್ತೆಯ ಏರಿನಲ್ಲಿ ಮೂರನೇ ಗೇರ್‌ನಲ್ಲಿ ಎಳೆದು ನೋಡಿದೆ.

ಹಿಂದಿನ ಕಲೆ ಮಾತ್ರ ಹಾಗೇ ಇದೆ. ಅದು ಖರೆ ಗೇರ್ ಎಣ್ಣೆ, ಘಾಟು ಮೂಗಿಗೆ ಹೊಡೆಯುತ್ತದೆ. ಬಾಲದ ಸೀಲ್ ಸುತ್ತ ಪೌಡರ್ ನೆಂದು ಮುದ್ದೆ ಆಗಿದೆ. ಇದನ್ನು ಗೇರ್‌ಬಾಕ್ಸ್ ಇಳಿಸದೆ ಬದಲಿಸಬಹುದಾ?

ಬೀದರ್_ಜೀಪ್:

ಬ್ರೀದರ್ ಪೈಪ್ ಬಾಯಿಗೆ ಜಾಳಿಗೆ ತಂತಿ ಕಟ್ಟಬೇಡಿ, ಎಣ್ಣೆ ಧೂಳು ಕೂಡಿ ಅದೇ ಮುಚ್ಚಿಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಬಾಯಿಗೆ ಬಟ್ಟೆ ತುರುಕಿ, ಸ್ಟೇರಿಂಗ್‌ಗೆ ಕೆಂಪು ದಾರ ಕಟ್ಟಿ ಇಡಿ. ದಾರ ಕಂಡಾಗ ಬಟ್ಟೆ ತೆಗೆಯುವುದು ನೆನಪಾಗುತ್ತದೆ. ಜೀಪ್‌ಗೆ ನಾನು ಹಾಗೇ ಮಾಡುತ್ತೇನೆ.

ಸ್ಟೇಷನ್_ಲೈನ್_ಉಸ್ತಾದ್ (ಯಾದಗಿರಿ):

ಶಾಬಾಸ್! ಓದಿ ಬಹಳ ಖುಷಿ ಆಯಿತು. ಮುಂದಿನ ಕಡಲೆಬೇಳೆ ಗಾತ್ರವನ್ನು ಹಾಗೇ ಬಿಡಿ. ಅದು ಆ ಚೂಡಿಯ ಹನಿ. ಅದನ್ನು ನಿಲ್ಲಿಸಲು ಇಂಜಿನ್ ಬಿಚ್ಚುವುದು ತರವಲ್ಲ. ಇಂಜಿನ್ ಎಣ್ಣೆಯನ್ನು ಡಿಪ್‌ಸ್ಟಿಕ್ ಮೇಲಿನ ಗುರುತು ದಾಟಿಸಬೇಡಿ, ಅಷ್ಟು ಸಾಕು.

ಬಾಲದ ಸೀಲ್ ಗಾಡಿಯ ಮೇಲೆಯೇ ಬದಲಿಸಬಹುದು. ಹಿಂದಿನ ಚಕ್ರ ಚೆನ್ನಾಗಿ ಮೇಲೆತ್ತಿ, ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಬಾಲ ಮೇಲೆ ಇದ್ದರೆ ಶಾಫ್ಟ್ ಎಳೆದಾಗ ಎಣ್ಣೆ ಸುರಿಯುವುದಿಲ್ಲ. ಡಿಫರೆನ್ಷಿಯಲ್ ಕಡೆಯ ಫ್ಲ್ಯಾಂಜ್ ಬಿಚ್ಚುವ ಮೊದಲು ಎರಡೂ ಭಾಗದ ಮೇಲೆ ಪಂಚ್‌ನಿಂದ ಗುರುತು ಹೊಡೆಯಿರಿ. ವಾಪಸ್ ಅದೇ ಗುರುತಿಗೆ ಕೂಡಿಸಬೇಕು, ಇಲ್ಲದಿದ್ದರೆ ಶಾಫ್ಟ್ ಬ್ಯಾಲೆನ್ಸ್ ತಪ್ಪಿ ಸ್ಪೀಡ್‌ನಲ್ಲಿ ಗಾಡಿ ಗುಂಯ್‌ಗುಡುತ್ತದೆ.

ಶಾಫ್ಟ್ ಎಳೆಯುವ ಮೊದಲು ಇನ್ನೊಂದು ಕೆಲಸ. ಬಾಲದ ಹತ್ತಿರ ಯೋಕ್ (ಗೇರ್‌ಬಾಕ್ಸ್ ಒಳಗೆ ಹೋಗುವ ಶಾಫ್ಟಿನ ತುದಿ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟ್ ಕಟ್ ಅಂತ ಆಡಿದರೆ ಒಳಗಿನ ಬುಷ್ ಸವೆದಿದೆ. ಬುಷ್ ಸವೆದ ಗಾಡಿಗೆ ಎಷ್ಟು ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ರಬ್ಬರ್ ತುಟಿ ಒಂದು ಸಮ ತಿರುಗುವ ಶಾಫ್ಟ್ ಹಿಡಿಯಬಲ್ಲದು, ಕುಣಿಯುವ ಶಾಫ್ಟ್ ಹಿಡಿಯಲಾರದು. ಸೀಲ್ ಹಾಕಿದ ತಿಂಗಳಿಗೇ ಮತ್ತೆ ಸೋರಿತು ಅನ್ನುವವರ ಗಾಡಿಗಳಲ್ಲಿ ಬಹುತೇಕ ಇದೇ ಇರುತ್ತದೆ.

ಶಾಫ್ಟ್ ಹೊರಗೆ ಬಂದ ಮೇಲೆ ಯೋಕ್ ಮೇಲೆ ಸೀಲ್ ಉಜ್ಜುವ ಜಾಗ ಒರೆಸಿ ಉಗುರು ಎಳೆಯಿರಿ. ಉಗುರು ಸಿಕ್ಕಿಬಿದ್ದರೆ ಗೀರು ಆಳ ಇದೆ ಅಂತ ತಿಳಿಯಿರಿ. ಹಳೆ ಸೀಲ್ ತೆಗೆಯುವಾಗ ಅದರ ಮೈಮೇಲೆ ಬರೆದ ನಂಬರ್ ಓದಿಕೊಳ್ಳಿ. ಒಳ ಅಳತೆ, ಹೊರ ಅಳತೆ, ದಪ್ಪ ಗೊತ್ತಿದ್ದರೆ ಗಾಡಿ ಹೆಸರು ಹೇಳದೆಯೇ ಬೇರಿಂಗ್ ಅಂಗಡಿಯಲ್ಲಿ ಸೀಲ್ ಸಿಗುತ್ತದೆ. 2014ರಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಗಾಡಿ ತಯಾರಿ ನಿಂತಿದೆ, ಆದರೆ ಸಾಮಾನು ನಿಂತಿಲ್ಲ. ಇಲ್ಲಿ ಸಿಗದಿದ್ದರೆ ಸಿಕಂದರಾಬಾದ್‌ನ ರಾಣಿಗಂಜ್ ನೋಡಿ, ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆ.

ಹೊಸ ಸೀಲ್ ಸ್ಪ್ರಿಂಗ್ ಇರುವ ಮುಖ ಒಳಗೆ, ಎಣ್ಣೆ ಕಡೆ. ತುಟಿಗೆ ಎಣ್ಣೆ ಹಚ್ಚಿ. ಒಂದು ಕಡೆ ಸುತ್ತಿಗೆ ಹೊಡೆಯಬೇಡಿ, ಅದೇ ಅಳತೆಯ ಪೈಪ್ ಚೂರು ಇಟ್ಟು ಸುತ್ತಲೂ ಸಮ ಇಳಿಸಿ. ಯೋಕ್‌ನ ಅಂಚು ಹರಿತ ಇದ್ದರೆ ಎಮರಿ ಕಾಗದದಿಂದ ಉಜ್ಜಿ, ಆಮೇಲೆ ಒಳಗೆ ಬಿಡಿ.

ಶಹಾಬಾದಿ_ಅಂಗಳ (ಕಲಬುರಗಿ):

ಬಿಚ್ಚಿದೆ. ಬುಷ್ ಆಡುವುದಿಲ್ಲ, ಯೋಕ್ ಗಟ್ಟಿಯಾಗಿ ಕೂತಿತ್ತು. ಆದರೆ ಯೋಕ್ ಮೇಲೆ ಸುತ್ತಲೂ ಗೀರು ಇದೆ, ಉಗುರು ನಿಲ್ಲುತ್ತದೆ. ಹಳೆ ಸೀಲ್‌ನ ರಬ್ಬರ್ ಬೆಕಲೈಟ್ ಆಗಿಬಿಟ್ಟಿದೆ, ಬಗ್ಗಿಸಿದರೆ ಟಕ್ ಅಂತ ಮುರಿಯಿತು. ಸೀಲ್ ಇಲ್ಲೇ ಸಿಕ್ಕಿತು. ಯೋಕ್ ಏನು ಮಾಡಲಿ? ಹೊಸ ಯೋಕ್ ಅಂತ ಅಂಗಡಿಯಲ್ಲಿ ತೋರಿಸಿದ್ದು ನನಗೆ ಸರಿ ಕಾಣಲಿಲ್ಲ, ಸ್ಪ್ಲೈನ್ (ಒಳಗಿನ ಹಲ್ಲು) ಸಡಿಲ ಇತ್ತು.

ಆಳಂದ_ಪದ್ಮಿನಿ:

ಲೇತ್‌ನಲ್ಲಿ ಹಿಡಿಸಿ ಗೀರು ಹೋಗುವ ತನಕ ತೆಗೆಸಿಬಿಡಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಕೆಲಸದವರು ಸಿಗುತ್ತಾರೆ.

ಸ್ಟೇಷನ್_ಲೈನ್_ಉಸ್ತಾದ್ (ಯಾದಗಿರಿ):

ಬರೀ ತೆಗೆಸಬೇಡಿ. ಯೋಕ್ ಸಣ್ಣ ಆದರೆ ಸೀಲ್ ಸಡಿಲ ಆಗುತ್ತದೆ, ಬುಷ್ ಕೂಡ ಸಡಿಲ ಆಗುತ್ತದೆ. ಆ ಮೈಯೇ ಬುಷ್ ಒಳಗೂ ಓಡುವುದು. ಈಗ ಗಟ್ಟಿ ಇರುವ ಬುಷ್ ಕೆಡಿಸಿಕೊಳ್ಳುತ್ತೀರಿ.

ಮೊದಲು ಸುಲಭದ್ದು ಮಾಡಿ. ಸೀಲ್ ಕೂರುವ ಗುಳಿ ಆಳ ಇದ್ದರೆ, ಹೊಸ ಸೀಲನ್ನು ತಳ ಮುಟ್ಟಿಸದೆ ಎರಡು ಮಿಲಿಮೀಟರ್ ಹೊರಗೆ ನಿಲ್ಲಿಸಿ. ಆಗ ತುಟಿ ಹಳೆ ಗೀರಿನ ಪಕ್ಕ, ನುಣುಪು ಜಾಗದ ಮೇಲೆ ಕೂರುತ್ತದೆ. ಖರ್ಚಿಲ್ಲ. ಗುಳಿಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ತೆಳು ಸ್ಟೀಲ್ ತೋಳು ಸಿಗುತ್ತದೆ, ಎಸ್‌ಕೆಎಫ್‌ನವರದು ಸ್ಪೀಡಿ ಸ್ಲೀವ್ ಅಂತ ಹೆಸರು. ಯೋಕ್‌ನ ಸರಿ ಅಳತೆ ಕೊಟ್ಟು ತರಿಸಿ. ಗೋಡೆ ಬಹಳ ತೆಳು, ಹಾಗಾಗಿ ಅದೇ ಅಳತೆಯ ಸೀಲ್ ನಡೆಯುತ್ತದೆ. ಆದರೆ ತೋಳು ಹಾಕಿದ ಜಾಗ ಬುಷ್ ಒಳಗೆ ಹೋಗಬಾರದು. ಹಿಂದಿನ ಆಕ್ಸಲ್ ಮೇಲೆದ್ದಾಗ ಶಾಫ್ಟ್ ಒಳಗೆ ಎಷ್ಟು ಜಾರುತ್ತದೆ ಅಂತ ಯೋಕ್ ಮೇಲಿನ ಹೊಳಪು ನೋಡಿ ಅಳತೆ ಮಾಡಿಕೊಳ್ಳಿ. ಇದೂ ಆಗದಿದ್ದರೆ ಹಾರ್ಡ್ ಕ್ರೋಮ್ ಏರಿಸಿ ಮೂಲ ಅಳತೆಗೆ ಗ್ರೈಂಡ್ ಮಾಡಿಸುವುದು. ಅದು ಹೈದರಾಬಾದ್ ಕೆಲಸ. ನಿಮ್ಮ ಹಳೆ ಯೋಕ್‌ನ ಸ್ಪ್ಲೈನ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಸಡಿಲ ಸ್ಪ್ಲೈನ್‌ನ ಹೊಸದಕ್ಕಿಂತ ಅದು ಎಷ್ಟೋ ಮೇಲು.

ಶಹಾಬಾದಿ_ಅಂಗಳ (ಕಲಬುರಗಿ):

ಗುಳಿಯಲ್ಲಿ ಜಾಗ ಇತ್ತು. ನೀವು ಹೇಳಿದ ಹಾಗೆ ಸ್ವಲ್ಪ ಹೊರಗೆ ನಿಲ್ಲಿಸಿ ಕೂರಿಸಿದ್ದೇನೆ. ಶಾಫ್ಟ್ ಗುರುತಿಗೆ ಗುರುತು ಕೂಡಿಸಿ ಹಾಕಿದೆ. ಚೌಡಾಪುರ ತನಕ ಓಡಿಸಿ ಬಂದು ಪೌಡರ್ ನೋಡಿದೆ, ಬಾಲ ಬೆಳ್ಳಗೆ ಒಣಗಿದೆ! ಅವ್ವನಿಗೆ ತೋರಿಸಿದೆ. ಬರುವ ಗುರುವಾರ ಗಾಣಗಾಪುರಕ್ಕೆ ಹೊರಡುತ್ತೇವೆ.

ಒಂದೇ ಪ್ರಶ್ನೆ ಉಳಿದಿದೆ. ಗೇರ್‌ಬಾಕ್ಸ್‌ನಲ್ಲಿ ಈಗ ಇರುವ ಎಣ್ಣೆ ಎಷ್ಟು ಹಳೆಯದು ಅಂತ ಗೊತ್ತಿಲ್ಲ. ಅದರ ಮೇಲೆಯೇ ಹೊಸದು ಸೇರಿಸಲಾ, ಪೂರ್ತಿ ಬದಲಿಸಲಾ?

ಸ್ಟೇಷನ್_ಲೈನ್_ಉಸ್ತಾದ್ (ಯಾದಗಿರಿ):

ಪೂರ್ತಿ ಬದಲಿಸಿ. ಅಷ್ಟು ದಿನ ನಿಂತ ಗಾಡಿಯಲ್ಲಿ ನೀರಿನ ಪಸೆ ಸೇರಿರುತ್ತದೆ. ಒಂದು ಸುತ್ತು ಓಡಿಸಿ, ಎಣ್ಣೆ ಬಿಸಿ ಇರುವಾಗಲೇ ಇಳಿಸಿ. ಆದರೆ ಡ್ರೈನ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಬಿಚ್ಚಿ ನೋಡಿ. ಎಣ್ಣೆ ಎಲ್ಲ ಕೆಳಗೆ ಬಿಟ್ಟ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬಿಚ್ಚಲಿಲ್ಲ ಅಂದರೆ ಗಾಡಿ ಅಲ್ಲೇ ಕೂರುತ್ತದೆ. ಇಳಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಹಾಲು ಬಣ್ಣ ಇದ್ದರೆ ನೀರು ಸೇರಿದೆ. ಸಣ್ಣ ಹಳದಿ ಮಿನುಗು ಇದ್ದರೆ ಸಿಂಕ್ರೋ ಸವೆತ, ಸ್ವಲ್ಪ ಇರುವುದು ಸಹಜ. ಬೆರಳಿಗೆ ತಾಗುವ ಸ್ಟೀಲ್ ಚೂರು ಸಿಕ್ಕರೆ ಮಾತ್ರ ಇಲ್ಲಿ ಫೋಟೋ ಹಾಕಿ, ಆಗ ಬೇರೆ ಮಾತು.

ಡ್ರೈನ್ ಪ್ಲಗ್‌ಗೆ ತಾಮ್ರದ ವಾಷರ್ ಇದ್ದರೆ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ. ಜಿಎಲ್-4, 90 ಹಾಕಿ, ಲೆವೆಲ್‌ಗೆ ನಿಲ್ಲಿಸಿ. ಗಾಣಗಾಪುರದಿಂದ ಬಂದ ಮೇಲೆ ಲೆವೆಲ್ ಇನ್ನೊಮ್ಮೆ ನೋಡಿ. ಸೈಡ್ ಕವರ್‌ನ ಬೋಲ್ಟ್‌ಗಳನ್ನೂ ಕಾಲು ಸುತ್ತು ಬಿಗಿ ಮಾಡಿ, ಹೊಸ ಬಿರಡೆ ಬಿಸಿಗೆ ಸ್ವಲ್ಪ ಕುಗ್ಗಿರುತ್ತದೆ. ಕಾಲು ಸುತ್ತು ಅಷ್ಟೇ. ಜಾಸ್ತಿ ಬಿಗಿದರೆ ಕವರ್ ನಡುವೆ ಬಗ್ಗಿ ಅಂಚು ಬಾಯಿ ಬಿಡುತ್ತದೆ.